ನಾವೇನು ಮಾಡಬೇಕು? ಪಶ್ಚಾತ್ತಾಪ, ಪ್ರಾರ್ಥನೆ, ಸಿದ್ಧತೆಗೆ ಒಂದು ಮಾರ್ಗದರ್ಶಿ

"ತಿರುಗಿಕೊಳ್ಳಿ, ಅದಕ್ಕೆ ತಕ್ಕ ಫಲ ಕೊಡಿ" ಎಂದು ಸ್ನಾನಿಕನಾದ ಯೋಹಾನನು ಯೊರ್ದನ್ ಹೊಳೆಯ ಸೀಮೆಯಲ್ಲಿ ಸಾರಿದಾಗ ಜನ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ಹಾಗಾದರೆ ನಾವೇನು ಮಾಡಬೇಕು? ಲೂಕ 3ನೇ ಅಧ್ಯಾಯ ತೆರೆದು ನೋಡಿ. ಮೂರು ಗುಂಪಿನವರು ಒಬ್ಬರಾದ ಮೇಲೊಬ್ಬರು ಇದನ್ನೇ ಕೇಳುತ್ತಾರೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಎಂದು ಜನರಿಗೆ ಹೇಳಿದ. ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಎಂದು ಸುಂಕದವರಿಗೆ ಹೇಳಿದ. ಯಾರನ್ನೂ ಹೆದರಿಸಿ ದುಡ್ಡು ಕೀಳಬೇಡಿ, ನಿಮ್ಮ ಸಂಬಳ ಸಾಕೆಂದುಕೊಳ್ಳಿ ಎಂದು ಸಿಪಾಯಿಗಳಿಗೆ ಹೇಳಿದ. ಅತ್ತು ಗೋಳಾಡಿ ಎಂದು ಯಾರಿಗೂ ಹೇಳಲಿಲ್ಲ. ಕೆಲಸ ಬಿಟ್ಟು ಅಡವಿಗೆ ಬನ್ನಿ ಎಂದೂ ಹೇಳಲಿಲ್ಲ.

ಈ ಲೇಖನ ಅದೇ ದಾರಿಯಲ್ಲಿ ಹೋಗುತ್ತದೆ. ನಮ್ಮ ಪಶ್ಚಾತ್ತಾಪ ಪೂರ್ತಿಯಾಗಬೇಕಾದರೆ ಅದು ನಮ್ಮ ಜೇಬಿಗೆ, ನಮ್ಮ ಫೋನಿಗೆ, ನಾವು ನೋಯಿಸಿದವರ ಮನೆಬಾಗಿಲಿಗೆ ಹೋಗಿ ಮುಟ್ಟಬೇಕು ಎಂದು ನಾನು ನಂಬುತ್ತೇನೆ. ಆರಾಧನೆಯಲ್ಲಿ ಕಣ್ಣೀರು ಬಂದರೆ ಒಳ್ಳೆಯದೇ. ಆದರೆ ಸೋಮವಾರ ಬೆಳಿಗ್ಗೆ ಏನು ಮಾಡುತ್ತೇವೆ ಅನ್ನುವುದು ಬಹಳ ಮುಖ್ಯ, ಅಲ್ವಾ?

ಶುರುಮಾಡುವ ಮೊದಲು ಒಂದು ಮಾತು. ಇದು ಕ್ಷಮೆಯನ್ನು ಕೊಂಡುಕೊಳ್ಳುವ ಲೆಕ್ಕಾಚಾರ ಅಲ್ಲ. ಯೆರಿಕೋವಿನ ಸುಂಕದವನಾದ ಜಕ್ಕಾಯನನ್ನು ನೆನಪುಮಾಡಿಕೊಳ್ಳಿ. ಯೇಸು ಸ್ವಾಮಿ ಮೊದಲು ಅವನ ಹೆಸರು ಹಿಡಿದು ಕರೆದರು, ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದರು. ಅವನು ದುಡ್ಡು ವಾಪಸ್ ಕೊಡುವ ಮಾತಾಡಿದ್ದು ಅದಾದ ಮೇಲೆ. ಕೃಪೆ ಮೊದಲು ಬಂತು, ಲೆಕ್ಕ ಸರಿಮಾಡುವುದು ಅದರ ಹಿಂದೆ ಬಂತು. ಈ ಕ್ರಮ ತಲೆಕೆಳಗಾದರೆ ಮುಂದಿನ ಹೆಜ್ಜೆಗಳೆಲ್ಲ ಭಾರವಾಗುತ್ತವೆ.

ಹೆಜ್ಜೆ 1: ಕೂತು ಬರೆಯಿರಿ

ಒಂದು ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಫೋನನ್ನು ಬೇರೆ ಕೋಣೆಯಲ್ಲಿಡಿ. ಒಂದು ಹಾಳೆ, ಒಂದು ಪೆನ್ನು ಸಾಕು. ಮೊದಲು ವಿಮೋಚನಕಾಂಡ 20ರಲ್ಲಿರುವ ಹತ್ತು ಆಜ್ಞೆಗಳನ್ನು, ಆಮೇಲೆ ಮತ್ತಾಯ 5ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಎಲ್ಲಿ ಮನಸ್ಸು ಚುಚ್ಚುತ್ತದೋ ಅಲ್ಲಿ ನಿಂತು ಬರೆಯಿರಿ.

"ನಾನು ದೊಡ್ಡ ಪಾಪಿ" ಎಂದು ಬರೆದರೆ ಪ್ರಯೋಜನವಿಲ್ಲ. ಹಾಗೆ ಹೇಳುವುದು ಬಹಳ ಸುಲಭ, ಅದರಿಂದ ಏನೂ ಬದಲಾಗುವುದಿಲ್ಲ. ಬಿಡಿಸಿ ಬರೆಯಿರಿ. "ಅಪ್ಪನ ಮನೆಯ ಬಾಡಿಗೆಯಲ್ಲಿ ತಂಗಿಯ ಪಾಲು ಕೊಟ್ಟಿಲ್ಲ." "ಮನೆಕೆಲಸದವರು ಹುಷಾರಿಲ್ಲದೆ ರಜೆ ಹಾಕಿದ ದಿನಗಳ ಸಂಬಳ ಹಿಡಿದೆ." "ಆಫೀಸಿನಲ್ಲಿ ಅವರು ಮಾಡಿದ ಕೆಲಸವನ್ನು ನನ್ನದೆಂದು ಹೇಳಿಕೊಂಡೆ." "ಸಭೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ಮನೆಯ ಮಾತನ್ನು ಪ್ರಾರ್ಥನಾ ಕೋರಿಕೆ ಅನ್ನುವ ಹೆಸರಿನಲ್ಲಿ ಹರಡಿದೆ." ಹೀಗೆ. ಮಾಡಿದ್ದನ್ನಷ್ಟೇ ಬರೆಯುವುದಲ್ಲ, ಮಾಡದೆ ಬಿಟ್ಟದ್ದನ್ನೂ ಸೇರಿಸಿ. ವಯಸ್ಸಾದ ಅಮ್ಮನಿಗೆ ಎಷ್ಟು ದಿನದಿಂದ ಫೋನ್ ಮಾಡಿಲ್ಲ?

ಅರಸನಾದ ದಾವೀದನಿಗೂ ಇಷ್ಟು ಸ್ಪಷ್ಟತೆ ತಾನಾಗಿ ಬರಲಿಲ್ಲ. ಬತ್ಷೆಬೆಯ ಜೊತೆ ವ್ಯಭಿಚಾರ ಮಾಡಿದ ವಿಷಯ, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯಿಸಿದ ವಿಷಯ ಎಲ್ಲವನ್ನೂ ಮುಚ್ಚಿಟ್ಟು ತಿಂಗಳುಗಟ್ಟಲೆ ಆರಾಮಾಗಿದ್ದ. ಪ್ರವಾದಿ ನಾತಾನನು ಬಡವನ ಒಂದೇ ಹೆಣ್ಣು ಕುರಿಮರಿಯನ್ನು ಸಾಹುಕಾರ ಕಿತ್ತುಕೊಂಡ ಕಥೆ ಹೇಳಿದಾಗ ಬೇರೆಯವರ ತಪ್ಪೆಂದುಕೊಂಡು ಕೆಂಡಾಮಂಡಲವಾದ. "ಆ ಮನುಷ್ಯ ನೀನೇ" ಎಂದ ಮೇಲೆಯೇ ಕಣ್ಣು ತೆರೆದದ್ದು. ಆದ್ದರಿಂದ ಬರೆಯುವ ಮೊದಲು ಪ್ರಾರ್ಥಿಸಿ: ಕರ್ತನೇ, ನಾನು ನೋಡಲು ಇಷ್ಟಪಡದ್ದನ್ನು ತೋರಿಸು. ಆಮೇಲೆ 51ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಅದು ದಾವೀದನು ಆಗ ಮಾಡಿದ ಪ್ರಾರ್ಥನೆ ಎಂದು ಅದರ ತಲೆಬರಹವೇ ಹೇಳುತ್ತದೆ. ಅದರಲ್ಲಿ ನೆಪಗಳೇ ಇಲ್ಲ ಅನ್ನುವುದನ್ನು ಗಮನಿಸಿ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಕೆಲವರಿಗೆ ಅಪರಾಧಿ ಭಾವನೆ ಎಷ್ಟು ಪ್ರಾರ್ಥಿಸಿದರೂ ಬಿಡುವುದಿಲ್ಲ. ಅರಿಕೆ ಮಾಡಿ ಮುಗಿದ ತಪ್ಪನ್ನೇ ಮತ್ತೆ ಮತ್ತೆ ಅರಿಕೆ ಮಾಡುತ್ತಾರೆ, ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಸಾಯಬೇಕು ಅನ್ನಿಸುತ್ತದೆ. ಅದು ದೇವರು ಕೊಡುವ ದುಃಖ ಅಲ್ಲ. ಶಿಷ್ಯರಾದ ಪೇತ್ರನೂ ಯೂದನೂ ಒಂದೇ ರಾತ್ರಿ ಯೇಸುವಿಗೆ ದ್ರೋಹ ಮಾಡಿದರು, ಇಬ್ಬರೂ ಮರುಗಿದರು. ಪೇತ್ರನು ಅಳುತ್ತಾ ಶಿಷ್ಯರ ಜೊತೆಯಲ್ಲೇ ಉಳಿದ. ಯೂದನು ಒಂಟಿಯಾಗಿ ಹೋಗಿ ಜೀವ ಕಳೆದುಕೊಂಡ. ನಿಮ್ಮ ಸ್ಥಿತಿ ಹೀಗಿದ್ದರೆ ಈ ಪಟ್ಟಿ ಬರೆಯುವುದನ್ನು ಇವತ್ತು ಬಿಡಿ. ನಂಬಿಕೆಯ ಒಬ್ಬರಿಗೆ ಹೇಳಿ, ಮನೋವೈದ್ಯರನ್ನು ನೋಡಿ. ಟೆಲಿಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಔಷಧಿ ತೆಗೆದುಕೊಳ್ಳುವುದು ನಂಬಿಕೆ ಕಡಿಮೆಯಾದದ್ದರ ಗುರುತಲ್ಲ.

ಹೆಜ್ಜೆ 2: ದೇವರಿಗೆ ಹೇಳಿ, ಒಬ್ಬ ಮನುಷ್ಯನಿಗೂ ಹೇಳಿ

ಬರೆದದ್ದನ್ನು ಒಂದೊಂದಾಗಿ ದೇವರ ಮುಂದೆ ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲೇ ಹೇಳಿದರೆ ಕೇಳಿಸುವುದಿಲ್ಲ ಅಂತಲ್ಲ. ಬಾಯಲ್ಲಿ ಬಂದರೆ ನಮಗೇ ಅದು ನಿಜವಾಗುತ್ತದೆ. ಮಾತು ಸಿಗದಿದ್ದರೆ ಲೂಕ 18ರ ಸುಂಕದವನ ಪ್ರಾರ್ಥನೆ ಸಾಕು: "ದೇವರೇ, ಪಾಪಿಯಾದ ನನ್ನನ್ನು ಕರುಣಿಸು." ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನೇ.

ಯಾಕೋಬನ ಪತ್ರಿಕೆ 5:16 ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಎನ್ನುತ್ತದೆ. ಕಥೋಲಿಕರಿಗೆ ಪಾಪನಿವೇದನೆಯ ದಾರಿ ಇದೆ. ವರ್ಷಕ್ಕೆ ಒಂದು ಸಲವಾದರೂ ಮಾಡಬೇಕೆಂಬ ನಿಯಮ 1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆಯಿಂದಲೂ ಇದೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಕೊನೆಯ ವಾರದ ಉದ್ದ ಸಾಲಿಗೆ ಕಾಯದೆ ಮೊದಲೇ ಹೋದರೆ ಫಾದರ್ ಜೊತೆ ನಿಧಾನವಾಗಿ ಮಾತಾಡಬಹುದು. ಬೇರೆ ಸಭೆಗಳವರು ಅನುಭವಸ್ಥರಾದ ಒಬ್ಬರನ್ನು ಆರಿಸಿಕೊಳ್ಳಿ. ಬೇರೆಯವರ ಗುಟ್ಟನ್ನು ನಿಮ್ಮ ಹತ್ತಿರ ಹೇಳುವವರನ್ನು ಆರಿಸಬೇಡಿ, ನಾಳೆ ನಿಮ್ಮದನ್ನೂ ಹೇಳುತ್ತಾರೆ. ಗಂಡಸರು ಗಂಡಸರಿಗೆ, ಹೆಂಗಸರು ಹೆಂಗಸರಿಗೆ ಹೇಳುವುದು ಒಳ್ಳೆಯದು. ಸಾಕ್ಷಿ ಹೇಳುವ ಕೂಟದಲ್ಲಿ ಎಲ್ಲರ ಮುಂದೆ ಎಲ್ಲವನ್ನೂ ಬಿಚ್ಚಿಡಬೇಕಾಗಿಲ್ಲ. ನಿಮ್ಮ ಕಥೆಯಲ್ಲಿ ಇನ್ನೊಬ್ಬರ ಮಾನವೂ ಇರುತ್ತದೆ.

ಆಮೇಲೆ ಹಾಳೆಯಲ್ಲಿ ಮನುಷ್ಯರಿಗೆ ಸಂಬಂಧಪಟ್ಟದ್ದನ್ನು ಮಾತ್ರ ಬೇರೆ ಕಡೆ ಬರೆದುಕೊಂಡು ಉಳಿದದ್ದನ್ನು ಹರಿದುಹಾಕಿ.

ಹೆಜ್ಜೆ 3: ಲೆಕ್ಕ ಸರಿಮಾಡಿ

ಹೆಚ್ಚಿನವರು ನಿಲ್ಲುವುದು ಇಲ್ಲೇ. ದೇವರು ಕ್ಷಮಿಸಿದ ಮೇಲೆ ಮುಗಿಯಿತಲ್ಲ ಅನ್ನುತ್ತೇವೆ. ಆದರೆ ಮತ್ತಾಯ 5:23-24ರಲ್ಲಿ ಯೇಸು ಸ್ವಾಮಿ ಹೇಳಿದ್ದು ಬೇರೆ. ನೀನು ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಿದ್ದೀ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ದೂರು ಇದೆ ಎಂದು ನೆನಪಾಯಿತು. ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು. ಕೇಳುತ್ತಿದ್ದವರು ಗಲಿಲಾಯದವರು, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ಅಂದರೆ ನಡೆದುಕೊಂಡು ಹಲವು ದಿನಗಳ ದಾರಿ. ಅಷ್ಟು ದೂರ ವಾಪಸ್ ಹೋಗಬೇಕಾದರೂ ಹೋಗು ಅನ್ನುವುದು ಆ ಮಾತಿನ ಭಾರ.

ಮೊದಲು ದುಡ್ಡಿನ ವಿಷಯ. ಮೋಶೆಯ ಧರ್ಮಶಾಸ್ತ್ರದಲ್ಲಿ ಇದಕ್ಕೆ ಲೆಕ್ಕವೇ ಇದೆ. ಅರಣ್ಯಕಾಂಡ 5:7ರ ಪ್ರಕಾರ ತಪ್ಪನ್ನು ಒಪ್ಪಿಕೊಂಡವನು ಅಸಲನ್ನೂ ಅದರ ಮೇಲೆ ಐದರಲ್ಲಿ ಒಂದು ಭಾಗವನ್ನೂ ಸೇರಿಸಿ ಕೊಡಬೇಕು. ಹತ್ತು ಸಾವಿರಕ್ಕೆ ಹನ್ನೆರಡು ಸಾವಿರ. ಜಕ್ಕಾಯ ಅಷ್ಟಕ್ಕೆ ನಿಲ್ಲಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಎಂದ. ಕದ್ದ ಒಂದು ಕುರಿಗೆ ನಾಲ್ಕು ಕುರಿ ಕೊಡಬೇಕೆಂಬ ಕಳ್ಳನ ದಂಡ ವಿಮೋಚನಕಾಂಡ 22ರಲ್ಲಿದೆ. ಅವನು ತನ್ನನ್ನು ತಾನೇ ಕಳ್ಳರ ಸಾಲಿನಲ್ಲಿ ನಿಲ್ಲಿಸಿಕೊಂಡ. ನಮಗೆ ಈ ಅಂಕಿಗಳು ಕಾನೂನಲ್ಲ. ಆದರೂ ಹತ್ತು ವರ್ಷದ ಹಿಂದಿನ ಕೈಸಾಲವನ್ನು ಅಸಲಷ್ಟೇ ಕೊಟ್ಟು ಕೈತೊಳೆದುಕೊಂಡರೆ ಸಾಕಾ ಎಂದು ಯೋಚಿಸಲು ಇವು ನೆರವಾಗುತ್ತವೆ.

ಒಟ್ಟಿಗೆ ಕೊಡಲು ಆಗದಿದ್ದರೆ ಹಾಗೇ ಹೇಳಿ, ಕಂತು ಗೊತ್ತುಮಾಡಿ, ಬರೆದುಕೊಡಿ. ದುಡ್ಡು ಕೊಡಬೇಕಾದವರು ತೀರಿಹೋಗಿದ್ದರೆ ಅವರ ಮಕ್ಕಳಿಗೆ ಸೇರುತ್ತದೆ. ಯಾರೂ ಇಲ್ಲದಿದ್ದರೆ? ಅದಕ್ಕೂ ಅರಣ್ಯಕಾಂಡ 5:8ರಲ್ಲಿ ಉತ್ತರವಿದೆ: ಹತ್ತಿರದ ಬಂಧು ಇಲ್ಲದಿದ್ದರೆ ಅದು ಕರ್ತನಿಗೆ ಸೇರಬೇಕು. ಇವತ್ತು ಬಡವರಿಗೆ ನೆರವಾಗುವ ಕೆಲಸಕ್ಕೆ, ಹೆಸರು ಹಾಕಿಸಿಕೊಳ್ಳದೆ ಕೊಡಿ. ಯಾರಿಂದ ಎಷ್ಟು ತೆಗೆದುಕೊಂಡೆವೆಂದು ಗೊತ್ತಿಲ್ಲದ ಲಂಚ, ತೂಕದ ಮೋಸಕ್ಕೂ ಇದೇ ದಾರಿ. ಆದರೆ ಕೊಡಬೇಕಾದವರು ಕಣ್ಣೆದುರೇ ಇರುವಾಗ ಅವರಿಗೆ ಕೊಡದೆ ಸಭೆಗೆ ಕಾಣಿಕೆ ಹಾಕಿ ಸಮಾಧಾನಪಟ್ಟುಕೊಳ್ಳಬೇಡಿ. ಅದು ಅವರ ದುಡ್ಡು, ನಿಮ್ಮ ಕಾಣಿಕೆ ಅಲ್ಲ.

ಇನ್ನು ಮಾತಿನಿಂದ ನೋಯಿಸಿದ್ದು. ಕ್ಷಮೆ ಕೇಳುವ ರೀತಿಯಲ್ಲೇ ನಾವು ಎಡವುತ್ತೇವೆ. "ನಿಮಗೆ ಬೇಜಾರಾಗಿದ್ರೆ ಸಾರಿ" ಅನ್ನುವುದು ಕ್ಷಮೆ ಕೇಳಿದಂತಲ್ಲ. ತಪ್ಪು ಅವರ ಬೇಜಾರಿನದು ಅಂದಂತೆ. "ನಾನು ಅಂದದ್ದು ತಪ್ಪು, ಆದರೆ ನೀವೂ..." ಅಂದರೆ ಜಗಳ ಮತ್ತೆ ಶುರು. ಇಷ್ಟು ಹೇಳಿ ಸಾಕು: "ಆವತ್ತು ಮದುವೆ ಮನೆಯಲ್ಲಿ ಎಲ್ಲರ ಮುಂದೆ ನಿಮ್ಮ ಮಗಳ ಬಗ್ಗೆ ನಾನು ಹಾಗೆ ಹೇಳಿದೆ. ಅದು ಸುಳ್ಳು. ನಾನು ಮಾಡಿದ್ದು ತಪ್ಪು. ಕ್ಷಮಿಸಿ. ಯಾರ ಮುಂದೆ ಹೇಳಿದೆನೋ ಅವರಿಗೂ ಹೇಳುತ್ತೇನೆ." ಆಮೇಲೆ ಸುಮ್ನೆ ಇರಿ. ಅವರು ಬೈದರೆ ಕೇಳಿಸಿಕೊಳ್ಳಿ. ಕ್ಷಮಿಸುವುದು ಬಿಡುವುದು ಅವರಿಗೆ ಬಿಟ್ಟದ್ದು. "ಕ್ರೈಸ್ತರಾಗಿ ನೀವು ಕ್ಷಮಿಸಲೇಬೇಕು" ಎಂದು ಯಾವತ್ತೂ ಹೇಳಬೇಡಿ. ಸಾಧ್ಯವಾದರೆ ಎದುರೆದುರು ಹೋಗಿ. ಊರು ದೂರವಿದ್ದರೆ ಫೋನ್ ಮಾಡಿ. ದುಬೈಯಲ್ಲೋ ಟೊರಾಂಟೊದಲ್ಲೋ ಇರುವವರಿಗೆ ವಿಡಿಯೊ ಕರೆ ಇದೆ. ಮೆಸೇಜ್ ಕೊನೆಯ ದಾರಿ.

ಎಲ್ಲದಕ್ಕೂ ಹೋಗಿ ಬಾಗಿಲು ತಟ್ಟುವುದು ಸರಿಯಲ್ಲ. ಹಳೆಯ ಸಂಬಂಧವೊಂದರ ವಿಷಯದಲ್ಲಿ ಈಗ ಹೋಗಿ ಮಾತಾಡಿದರೆ ಅವರ ಸಂಸಾರ ಒಡೆಯಬಹುದು. ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಲು ಇನ್ನೊಬ್ಬರ ಮೇಲೆ ಭಾರ ಹೊರಿಸಬಾರದು. ಅಂಥದ್ದನ್ನು ಮೊದಲು ಪಾಸ್ಟರ್ ಅಥವಾ ಫಾದರ್ ಹತ್ತಿರ ಮಾತಾಡಿ. ನೀವು ಹಿಂಸೆ ಕೊಟ್ಟವರು ನಿಮ್ಮನ್ನು ನೋಡಲು ಇಷ್ಟಪಡದಿದ್ದರೆ ದೂರವಿರುವುದೇ ನೀವು ಕೊಡಬಹುದಾದ ಗೌರವ.

ಅಪರಾಧದ ವಿಷಯದಲ್ಲಿ ನನಗೆ ಸಂಶಯವೇ ಇಲ್ಲ. ಮಕ್ಕಳ ಮೇಲಿನ ದೌರ್ಜನ್ಯ, ಹೆಂಡತಿಯನ್ನು ಹೊಡೆಯುವುದು, ಸಭೆಯ ದುಡ್ಡು ನುಂಗುವುದು ಇವನ್ನೆಲ್ಲ "ಪಶ್ಚಾತ್ತಾಪಪಟ್ಟಿದ್ದಾರೆ, ಬಿಡಿ" ಎಂದು ಮುಚ್ಚಿಹಾಕುವುದು ಪಾಪಕ್ಕೆ ಇನ್ನೊಂದು ಪಾಪ ಸೇರಿಸಿದಂತೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ದೂರು ಕೊಡದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಶಿಕ್ಷೆಗೆ ಗುರಿಯಾಗುವ ಅಪರಾಧ. ನಿಜವಾಗಿ ತಿರುಗಿಕೊಂಡವನು ಕಾನೂನಿನ ಮುಂದೆಯೂ ನಿಲ್ಲುತ್ತಾನೆ.

ಇಷ್ಟೆಲ್ಲ ಪ್ರಾರ್ಥನೆಗೆ ಮೊದಲು ಯಾಕೆ ಅನ್ನಿಸಬಹುದು. ಜರ್ಮನಿಯ ಸಾಕ್ಸನಿಯಲ್ಲಿ ಹೆರ್ನ್‌ಹುಟ್ ಎಂಬ ಸಣ್ಣ ಊರಿದೆ. ಈಗಿನ ಚೆಕ್ ದೇಶದಲ್ಲಿರುವ ಮೊರೇವಿಯದಿಂದ ಹಿಂಸೆ ತಾಳಲಾರದೆ ಓಡಿಬಂದವರು ಕೌಂಟ್ ಜಿನ್ಜೆಂಡಾರ್ಫ್ ಜಮೀನಿನಲ್ಲಿ ನೆಲೆಸಿದ್ದರು. ಕೆಲವೇ ವರ್ಷದಲ್ಲಿ ತಮ್ಮತಮ್ಮಲ್ಲೇ ಕಚ್ಚಾಡತೊಡಗಿದರು. 1727ರಲ್ಲಿ ಒಬ್ಬರಿಗೊಬ್ಬರು ತಪ್ಪೊಪ್ಪಿಕೊಂಡು ಒಂದಾದರು, ಆಗಸ್ಟ್ 13ರಂದು ಒಟ್ಟಿಗೆ ಪ್ರಭುಭೋಜನದಲ್ಲಿ ಕೂತರು. ಅದೇ ತಿಂಗಳು 24 ಗಂಡಸರು, 24 ಹೆಂಗಸರು ದಿನದ ಒಂದೊಂದು ಗಂಟೆಯನ್ನು ಹಂಚಿಕೊಂಡು ಪ್ರಾರ್ಥಿಸಲು ಶುರುಮಾಡಿದರು. ಆ ಸರಣಿ ನೂರು ವರ್ಷ ನಡೆಯಿತು. ಜಗಳ ತೀರಿದ್ದು ಮೊದಲು. ನೂರು ವರ್ಷದ ಪ್ರಾರ್ಥನೆ ಆಮೇಲೆ.

ಹೆಜ್ಜೆ 4: ಪ್ರಾರ್ಥನೆಗೆ ಹೊತ್ತು ಗೊತ್ತುಮಾಡಿ

"ಬಿಡುವಾದಾಗ ಪ್ರಾರ್ಥಿಸುತ್ತೇನೆ" ಅಂದರೆ ಬಿಡುವು ಆಗುವುದೇ ಇಲ್ಲ. ದಾನಿಯೇಲನು ಬಾಬೆಲಿನಲ್ಲಿ ದೊಡ್ಡ ಅಧಿಕಾರಿ. ಅವನೂ ದಿನಕ್ಕೆ ಮೂರು ಸಲ ಯೆರೂಸಲೇಮಿನ ಕಡೆಯ ಕಿಟಕಿಯ ಹತ್ತಿರ ಮೊಣಕಾಲೂರುತ್ತಿದ್ದ. ನೀವು ಹದಿನೈದು ನಿಮಿಷದಿಂದ ಶುರುಮಾಡಿ. ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಆದರೆ ಒಳ್ಳೆಯದು. ಮನೆ ಚಿಕ್ಕದಾಗಿ ಬಾಗಿಲು ಹಾಕಿಕೊಳ್ಳುವ ಕೋಣೆ ಇಲ್ಲದಿದ್ದರೆ ತಾರಸಿ ಆಗುತ್ತದೆ, ಬಸ್ಸಿನ ಕಿಟಕಿ ಪಕ್ಕದ ಸೀಟೂ ಆಗುತ್ತದೆ.

ಏನು ಹೇಳಬೇಕೆಂದು ತೋಚದಿದ್ದರೆ ಕರ್ತನು ಕಲಿಸಿದ ಪ್ರಾರ್ಥನೆಯನ್ನೇ ಹಿಡಿಯಿರಿ. ಓಡಿಸಿಕೊಂಡು ಹೇಳಬೇಡಿ. ಒಂದೊಂದು ಸಾಲಿನಲ್ಲಿ ನಿಲ್ಲಿ. "ನಿನ್ನ ರಾಜ್ಯವು ಬರಲಿ" ಅಂದಾಗ ಯಾವ ಜಾಗಕ್ಕೆ ಬರಬೇಕು ಎಂದು ಹೆಸರಿಸಿ: ನನ್ನ ಮನೆಗೆ, ನಾನು ಕೆಲಸ ಮಾಡುವ ಅಂಗಡಿಗೆ, ಮಣಿಪುರಕ್ಕೆ, ಗಾಜಾಕ್ಕೆ. "ಅನುದಿನದ ಆಹಾರ" ಅಂದಾಗ ಈ ತಿಂಗಳ ಬಾಡಿಗೆ, ಮಗನ ಫೀಸು ಎಲ್ಲ ಹೇಳಿ. ಅಲ್ಲಿ "ನಮಗೆ" ಅಂತಿದೆ, "ನನಗೆ" ಅಂತಿಲ್ಲ. ಆದ್ದರಿಂದ ಪಕ್ಕದ ಮನೆಯವರ ಹಸಿವನ್ನೂ ಸೇರಿಸಿ. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಅನ್ನುವಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಅಲ್ಲಿ ಯಾರ ಮುಖ ಬರುತ್ತದೋ ಅವರಿಗಾಗಿ ಒಂದು ಒಳ್ಳೆಯದನ್ನು ಬೇಡಿಕೊಳ್ಳಿ.

ರಾತ್ರಿ ಮಲಗುವ ಮುನ್ನ ಐದು ನಿಮಿಷ ದಿನವನ್ನು ತಿರುಗಿ ನೋಡಿ. ಇದನ್ನು 16ನೇ ಶತಮಾನದಲ್ಲಿ ಯೇಸುಸಭೆ (ಜೆಸ್ವಿಟ್) ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲ ತಮ್ಮ ಜೊತೆಯವರಿಗೆ ರೂಢಿ ಮಾಡಿಸಿದರು. ಇವತ್ತಿನ ಒಳ್ಳೆಯದಕ್ಕೆ ಸ್ತೋತ್ರ ಹೇಳುವುದು, ಬೆಳಕು ಕೇಳುವುದು, ಬೆಳಗಿನಿಂದ ನಡೆದದ್ದನ್ನು ನೆನೆಯುವುದು, ತಪ್ಪಿದ್ದಕ್ಕೆ ಕ್ಷಮೆ ಕೇಳುವುದು, ನಾಳೆಗೆ ಒಂದು ತೀರ್ಮಾನ ಮಾಡುವುದು. ಯಾವ ಸಭೆಯವರಾದರೂ ಮಾಡಬಹುದು.

ಉಪವಾಸದ ಬಗ್ಗೆ ಚಿಕ್ಕದಾಗಿ: ಒಂದು ಹೊತ್ತಿನ ಊಟ ಬಿಟ್ಟರೆ ಆ ಊಟದ ದುಡ್ಡು ಹಸಿದವರಿಗೆ ಹೋಗಲಿ. ಯೆಶಾಯ 58 ಕೇಳುವುದು ಅದನ್ನೇ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು ಊಟ ಬಿಡಬೇಡಿ. ಅವರು ಟಿವಿ, ರೀಲ್ಸ್ ಬಿಡಲಿ.

ಹೆಜ್ಜೆ 5: ಸಿದ್ಧರಾಗಿ, ದಿನಾಂಕ ಹುಡುಕಬೇಡಿ

ತಾವು ತಿರುಗಿ ಬರುವ ದಿನ, ಗಳಿಗೆ ಯಾರಿಗೂ ಗೊತ್ತಿಲ್ಲ ಎಂದು ಯೇಸುವೇ ಹೇಳಿದ್ದಾರೆ. ಆದರೂ ಲೆಕ್ಕ ಹಾಕುವವರು ನಿಂತಿಲ್ಲ. ಅಮೆರಿಕದ ವಿಲಿಯಂ ಮಿಲ್ಲರ್ ಅವರ ಬೋಧನೆ ನಂಬಿದ ಸಾವಿರಾರು ಜನ 1844ರ ಅಕ್ಟೋಬರ್ 22ಕ್ಕೆ ಕಾದರು. ಕೆಲವು ರೈತರು ಬೆಳೆಯನ್ನು ಹೊಲದಲ್ಲೇ ಬಿಟ್ಟರು. ಮರುದಿನ ಸೂರ್ಯ ಹುಟ್ಟಿದಾಗ ಅವರ ದುಃಖ ಹೇಳತೀರದು. 2011ರಲ್ಲಿ ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೊ ಬೋಧಕರು ಮೇ 21 ಅಂದರು, ಅದು ದಾಟಿದ ಮೇಲೆ ಅಕ್ಟೋಬರ್ 21 ಅಂದರು. ಮುಂದಿನ ವರ್ಷ ತಪ್ಪಾಯಿತೆಂದು ಒಪ್ಪಿಕೊಂಡರು. ಅಷ್ಟರಲ್ಲಿ ಕೆಲವರು ಕೆಲಸ ಬಿಟ್ಟಿದ್ದರು, ಉಳಿತಾಯ ಕಳೆದುಕೊಂಡಿದ್ದರು. ಇಂಥ ವಿಡಿಯೊ ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಹೆದರಿಸಿ ಕರೆತಂದವರು ಹೆದರಿಕೆ ಹೋದ ದಿನ ಹೊರಟುಹೋಗುತ್ತಾರೆ.

ಥೆಸಲೋನಿಕದ ಸಭೆಯಲ್ಲೂ ಕೆಲವರು ಕೆಲಸ ಬಿಟ್ಟು ಸುಮ್ಮನೆ ತಿರುಗುತ್ತಿದ್ದರು. ಅವರಿಗೆ ಪೌಲನು ಬರೆದದ್ದು: ಕೆಲಸ ಮಾಡಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು. ಸಿದ್ಧತೆ ಅಂದರೆ ಏನು ಎನ್ನುವುದಕ್ಕೆ ಮತ್ತಾಯ 25ರಲ್ಲಿ ಮೂರು ಚಿತ್ರಗಳಿವೆ. ದೀಪ ಹಿಡಿದು ಮದುಮಗನಿಗಾಗಿ ಕಾಯುವ ಹತ್ತು ಕನ್ಯೆಯರ ಕಥೆಯಲ್ಲಿ ಹತ್ತೂ ಜನ ತೂಕಡಿಸಿ ಮಲಗುತ್ತಾರೆ, ಬುದ್ಧಿವಂತೆಯರೂ ಸೇರಿ. ವ್ಯತ್ಯಾಸ ಇದ್ದದ್ದು ಮೊದಲೇ ತುಂಬಿಟ್ಟ ಎಣ್ಣೆಯಲ್ಲಿ. ತಲಾಂತುಗಳ (ಧಣಿ ಆಳುಗಳಿಗೆ ಒಪ್ಪಿಸಿದ ಹಣದ) ಕಥೆಯಲ್ಲಿ ದುಡಿದವರನ್ನು ಧಣಿ ಹೊಗಳುತ್ತಾನೆ, ಹೆದರಿ ಹೂತಿಟ್ಟವನನ್ನು ಗದರುತ್ತಾನೆ. ಮೂರನೆಯದರಲ್ಲಿ ಅರಸನು ಕೇಳುವುದು ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಜಾಗ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಗಳಿಗೆ ಆರೈಕೆ, ಸೆರೆಮನೆಯಲ್ಲಿರುವವರ ಭೇಟಿ. ಈ ಆರರಲ್ಲಿ ಒಂದನ್ನು ಆರಿಸಿಕೊಂಡು ನಿಮ್ಮ ವಾರದ ಕೆಲಸದಲ್ಲಿ ಸೇರಿಸಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿಕೊಳ್ಳುವವರಿಲ್ಲದ ರೋಗಿಗಳು ಇದ್ದೇ ಇರುತ್ತಾರೆ. ಸಿಬ್ಬಂದಿಯನ್ನು ಕೇಳಿ ಹೋಗಿ.

ಕೊನೆಗೆ, ಕ್ರಿಸ್ತನು ಬರುವ ಮೊದಲೇ ನಾವು ಹೋಗಬೇಕಾಗಬಹುದು. ಕಾಯಿಲೆಯಿಂದ ಸಾಯುವ ಸ್ಥಿತಿಯಲ್ಲಿದ್ದ ಅರಸನಾದ ಹಿಜ್ಕೀಯನಿಗೆ ಪ್ರವಾದಿ ಯೆಶಾಯನು ಮನೆಯ ವ್ಯವಸ್ಥೆ ಮಾಡಿಡು ಎಂದು ಹೇಳಿದ. ವಿಲ್ ಬರೆಯುವುದನ್ನು ಅಪಶಕುನ ಎಂದು ಮುಂದೂಡಬೇಡಿ. ಅಣ್ಣತಮ್ಮಂದಿರು ಸೈಟಿಗಾಗಿ ಕೋರ್ಟಿಗೆ ಹೋಗುವುದನ್ನು ತಪ್ಪಿಸಲು ನಿಮ್ಮ ಕೈಲಾಗುವ ಕೆಲಸ ಅದು. ಭಾರತದ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಆಸ್ತಿ ಪಡೆಯುವ ಮಗನನ್ನೋ ಅವನ ಹೆಂಡತಿಯನ್ನೋ ಸಾಕ್ಷಿ ಮಾಡಬೇಡಿ, ಮಾಡಿದರೆ ಅವನಿಗೆ ಬರೆದದ್ದು ಊರ್ಜಿತವಾಗುವುದಿಲ್ಲ. ಮದುವೆಗೆ ಮೊದಲು ಬರೆದ ವಿಲ್ ಮದುವೆಯಾದ ಮೇಲೆ ರದ್ದಾಗುತ್ತದೆ, ಹೊಸದಾಗಿ ಬರೆಯಬೇಕು. ಅದರ ಜೊತೆ ನೀವು ಕೊಡಬೇಕಾದ ಕೈಸಾಲಗಳ ಪಟ್ಟಿಯನ್ನೂ ಇಡಿ, ಅದು ಎಲ್ಲಿದೆ ಎಂದು ಮನೆಯವರಲ್ಲಿ ಇಬ್ಬರಿಗೆ ಹೇಳಿ. ಕೈಸಾಲಕ್ಕೆ ಪತ್ರ ಇರುವುದಿಲ್ಲ, ನೀವು ಬರೆದಿಡದೆ ಹೋದರೆ ಕೊಟ್ಟವರು ಯಾರನ್ನು ಕೇಳಬೇಕು?